ಪಾಚಿ ಮೇಯುವ ಬ್ಲೆನ್ನಿ ಮೀನು: ಕೊಳ್ಳುವ ಮೊದಲು ಹಾಕಬೇಕಾದ ಲೆಕ್ಕ

ಸಿಹಿನೀರಿನ ಅಲಂಕಾರಿಕ ಮೀನುಗಳ ಜೊತೆಗೆ ಕಡಲ ಮೀನುಗಳನ್ನೂ ಗಾಜಿನ ತೊಟ್ಟಿಯಲ್ಲಿ ಸಾಕುವ ಹವ್ಯಾಸವು ನಮ್ಮ ದೊಡ್ಡ ನಗರಗಳಲ್ಲಿ ನೆಲೆಯೂರಿದೆ. ಮನೆಗಳಲ್ಲದೆ ಹೋಟೆಲು, ಚಿಕಿತ್ಸಾಲಯ ಹಾಗೂ ವಾಣಿಜ್ಯ ಕಚೇರಿಗಳ ಸ್ವಾಗತ ಕೊಠಡಿಗಳಲ್ಲಿಯೂ ಇಂತಹ ತೊಟ್ಟಿಗಳನ್ನು ಕಾಣಬಹುದು. ತೊಟ್ಟಿಯನ್ನು ಸ್ಥಾಪಿಸಿದ ಎರಡು ಮೂರು ತಿಂಗಳೊಳಗೆ ಬಹುತೇಕ ಎಲ್ಲ ಮಾಲೀಕರಿಗೂ ಎದುರಾಗುವ ತೊಂದರೆ ಒಂದೇ. ಗಾಜಿನ ಮೇಲೆ, ಕಲ್ಲಿನ ಮೇಲೆ, ಪಂಪಿನ ಕೊಳವೆಯ ಮೇಲೆ ಕಂದು ಮತ್ತು ಹಸಿರು ಪಾಚಿ ಹಬ್ಬತೊಡಗುತ್ತದೆ. ಆಗ ಅಂಗಡಿಯವರು ಸೂಚಿಸುವ ಪರಿಹಾರಗಳಲ್ಲಿ ಪಾಚಿ ಮೇಯುವ ಬ್ಲೆನ್ನಿ ಮೀನು ಪ್ರಮುಖವಾದುದು.

ಈ ಮೀನಿಗೆ ಪೇಟೆಯಲ್ಲಿ 'ಲಾನ್‌ಮೋವರ್ ಬ್ಲೆನ್ನಿ' ಎಂದು ಹೆಸರು. ಅಂದರೆ ಹುಲ್ಲು ಕತ್ತರಿಸುವ ಯಂತ್ರದ ಹೆಸರನ್ನೇ ಅದಕ್ಕೆ ಇಡಲಾಗಿದೆ. ತಪ್ಪು ತಿಳಿವಳಿಕೆಯ ಮೂಲವೂ ಈ ಹೆಸರೇ. ಹುಲ್ಲು ಮುಗಿದ ಮೇಲೆ ಯಂತ್ರವನ್ನು ಒರೆಸಿ ಮೂಲೆಯಲ್ಲಿ ನಿಲ್ಲಿಸಬಹುದು. ಮುಂದಿನ ಮಳೆಗಾಲದವರೆಗೆ ಅದು ಏನನ್ನೂ ಕೇಳುವುದಿಲ್ಲ. ಮೀನಿಗೆ ಮಾತ್ರ ಮರುದಿನವೂ ಹಸಿವಾಗುತ್ತದೆ. ಕೊಂಡ ಮೀನು ತೊಟ್ಟಿಯನ್ನು ಸ್ವಚ್ಛಗೊಳಿಸಿ, ಮಾಲೀಕನ ಮೆಚ್ಚುಗೆ ಗಳಿಸಿ, ಅನಂತರ ಕೆಲವೇ ತಿಂಗಳುಗಳಲ್ಲಿ ಕಾರಣ ತಿಳಿಯದಂತೆ ಸಾಯುವುದು ಈ ಹವ್ಯಾಸದಲ್ಲಿ ತೀರಾ ಸಾಮಾನ್ಯ. ಹೆಚ್ಚಿನ ಸಂದರ್ಭಗಳಲ್ಲಿ ಅದಕ್ಕೆ ರೋಗ ಕಾರಣವಾಗಿರುವುದಿಲ್ಲ. ಅದು ಉಪವಾಸದಿಂದ ಸತ್ತಿರುತ್ತದೆ.

ಮೀನಿನ ಪರಿಚಯ

ಬ್ಲೆನ್ನಿಗಳ ಕುಟುಂಬದಲ್ಲಿ ಸುಮಾರು 400 ಪ್ರಭೇದಗಳಿವೆ. ಅವುಗಳಲ್ಲಿ ಪಾಚಿ ಮೇಯುವ ಮೀನೆಂದು ಹೆಚ್ಚಾಗಿ ಮಾರಾಟವಾಗುವುದು ಸಲಾರಿಯಸ್ ಫ್ಯಾಸಿಯೇಟಸ್ ಎಂಬ ವೈಜ್ಞಾನಿಕ ಹೆಸರಿನ ಪ್ರಭೇದ. 1786ರಲ್ಲಿ ಇದನ್ನು ಮೊದಲು ವರ್ಣಿಸಿದವನು ಬರ್ಲಿನ್ ನಗರದ ವೈದ್ಯ ಮಾರ್ಕಸ್ ಎಲೀಸರ್ ಬ್ಲಾಖ್. ಕೆಂಪು ಸಮುದ್ರ ಮತ್ತು ಆಫ್ರಿಕದ ಪೂರ್ವ ಕರಾವಳಿಯಿಂದ ಮೊದಲ್ಗೊಂಡು ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳವರೆಗೆ, ಉತ್ತರದಲ್ಲಿ ಜಪಾನಿನ ರ್‍ಯುಕ್ಯು ದ್ವೀಪಗಳವರೆಗೆ, ದಕ್ಷಿಣದಲ್ಲಿ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ವರೆಗೆ ಇದರ ನೆಲೆ ಹರಡಿಕೊಂಡಿದೆ. ಹವಳದ ದಿಬ್ಬಗಳ ಆಳವಿಲ್ಲದ ಅಂಚಿನಲ್ಲಿ, ಸತ್ತ ಹವಳದ ಚೂರುಗಳ ನಡುವೆ, ಬಿಸಿಲು ಚೆನ್ನಾಗಿ ಬೀಳುವ ಕಡೆ ಇದು ವಾಸಿಸುತ್ತದೆ. ಪೂರ್ಣ ಬೆಳೆದಾಗ ಉದ್ದ ಸುಮಾರು 14 ಸೆಂಟಿಮೀಟರು.

ನೋಟಕ್ಕೆ ಇದು ಸುಂದರ ಮೀನೆನ್ನಲಾಗದು. ಮೊಂಡು ಮುಖ, ದಪ್ಪ ತುಟಿ, ಕಂದು ಮೈಮೇಲೆ ಕಪ್ಪು ಪಟ್ಟೆ ಮತ್ತು ಬಿಳಿಯ ಚುಕ್ಕೆಗಳು, ಕಣ್ಣುಗಳ ಮೇಲೆ ಕವಲೊಡೆದ ಚಿಕ್ಕ ಕುಚ್ಚುಗಳು. ಮೈಮೇಲೆ ಹುರುಪೆಗಳಿಲ್ಲ, ಲೋಳೆಯ ಪದರವೇ ಅದರ ರಕ್ಷಣೆ. ಇತರ ಮೀನುಗಳಂತೆ ನೀರಿನ ನಡುವೆ ತೇಲಿ ನಿಲ್ಲಲು ಬೇಕಾದ ಗಾಳಿಚೀಲ ಇದಕ್ಕಿಲ್ಲವಾದ್ದರಿಂದ ಕಲ್ಲಿನ ಮೇಲೆ ಈಜುರೆಕ್ಕೆಗಳನ್ನೂರಿ ಕುಳಿತಿರುತ್ತದೆ. ಒಂದು ಕಣ್ಣು ಒಂದು ಕಡೆಗೂ ಮತ್ತೊಂದು ಇನ್ನೊಂದು ಕಡೆಗೂ ತಿರುಗುತ್ತ, ಗಾಜಿನ ಹೊರಗೆ ನಿಂತವರನ್ನು ಅದು ಪರಿಶೀಲಿಸುವ ರೀತಿ ಯಾವುದೋ ಹಳೆಯ ಗುಮಾಸ್ತನನ್ನು ನೆನಪಿಗೆ ತರುತ್ತದೆ. ಬೆದರಿದರೆ ಬಾಲವನ್ನು ಮುಂದುಮಾಡಿ ಬಿಲದೊಳಗೆ ಸರಿದು ಮುಖವನ್ನಷ್ಟೇ ಹೊರಗಿಡುತ್ತದೆ. ಬಣ್ಣದ ಮೀನುಗಳನ್ನು ಬಿಟ್ಟು ಇದನ್ನೇ ಇಷ್ಟಪಡುವ ಹವ್ಯಾಸಿಗಳು ಅನೇಕರಿರುವುದರಲ್ಲಿ ಆಶ್ಚರ್ಯವಿಲ್ಲ.

ಬಾಚಣಿಗೆಯ ಹಲ್ಲುಗಳಂತೆ ಒತ್ತಾಗಿ ಜೋಡಣೆಗೊಂಡ ನೂರಾರು ಸೂಕ್ಷ್ಮ ಹಲ್ಲುಗಳು ಇದರ ಮುಖ್ಯ ಸಾಧನ. ಕಲ್ಲಿನ ಮೇಲ್ಮೈಗೆ ತುಟಿಯನ್ನೊತ್ತಿ ಒಂದೇ ಬೀಸಿಗೆ ಕೆರೆದು, ತೆಳುವಾದ ಪಾಚಿಯನ್ನು ಎತ್ತಿಕೊಳ್ಳುತ್ತದೆ. ಪಾಚಿ ಹಿಡಿದ ಗಾಜಿನ ಮೇಲೆ ಚಿಕ್ಕ ಚಿಕ್ಕ ತುಟಿಯಾಕಾರದ ಗುರುತುಗಳು ಕಂಡುಬಂದರೆ ಬ್ಲೆನ್ನಿ ಮೇಯುತ್ತಿದೆ ಎಂದು ತಿಳಿಯಬಹುದು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಈ ಕುಲದ ಮೀನುಗಳ ಆಹಾರವನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಅವುಗಳ ಹೊಟ್ಟೆಯಲ್ಲಿ ಪಾಚಿಗಿಂತಲೂ ಹೆಚ್ಚಾಗಿ ದೊರೆತದ್ದು ಪಾಚಿಯ ಎಳೆಗಳ ನಡುವೆ ಸಿಕ್ಕಿಕೊಂಡಿರುವ ಕೊಳೆತ ಸಾವಯವ ಕಣಗಳು ಮತ್ತು ಅವುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು. ಅಂದರೆ ಹಸಿರಾಗಿ ಕಾಣುವುದೆಲ್ಲ ಅದರ ಮೇವಲ್ಲ. ಕೆಂಪು ಲೋಳೆಯಂತೆ ಹಬ್ಬುವ ಸಯಾನೊಬ್ಯಾಕ್ಟೀರಿಯವನ್ನು ಅದು ಮುಟ್ಟುವುದಿಲ್ಲ. ಗುಳ್ಳೆಯಾಕಾರದ ಪಾಚಿಯನ್ನು ಒಡೆಯುವುದಿಲ್ಲ. ಬೆರಳುದ್ದ ಬೆಳೆದು ಕೂದಲಿನಂತೆ ತೂಗಾಡುವ ಪಾಚಿಯನ್ನೂ ಬಹುತೇಕ ಮೀನುಗಳು ತಿನ್ನುವುದಿಲ್ಲ. ಅದನ್ನು ಕೈಯಿಂದ ಕಿತ್ತು ತೆಗೆದರೆ ಮತ್ತೆ ಚಿಗುರುವ ಎಳೆಯ ಭಾಗವನ್ನು ಮಾತ್ರ ಮೇಯುತ್ತವೆ. ಕೂದಲು ಪಾಚಿ ತುಂಬಿದ ತೊಟ್ಟಿಗೆ ಬ್ಲೆನ್ನಿಯನ್ನು ಬಿಟ್ಟು ಪವಾಡಕ್ಕಾಗಿ ಕಾಯುವವರು ನಿರಾಶರಾಗುವುದು ಈ ಕಾರಣದಿಂದ.

ದಾಸ್ತಾನು ಮತ್ತು ಉತ್ಪತ್ತಿ

ಕಡಲಿನಲ್ಲಿ ಒಂದು ಬ್ಲೆನ್ನಿಗೆ ತನ್ನದೇ ಆದ ಮೇವಿನ ಪ್ರದೇಶವಿರುತ್ತದೆ. ಅಲ್ಲಿ ದಿನವೂ ಬಿಸಿಲು ಬೀಳುತ್ತದೆ, ಅಲೆಗಳು ಹೊಸ ಕಣಗಳನ್ನು ತಂದು ಹಾಕುತ್ತವೆ, ಮೇದಷ್ಟೂ ಮತ್ತೆ ಬೆಳೆಯುತ್ತದೆ. ವರ್ತಕರ ಭಾಷೆಯಲ್ಲಿ ಹೇಳುವುದಾದರೆ ಅದು ಬಡ್ಡಿಯಲ್ಲಿ ಜೀವಿಸುತ್ತದೆ, ಅಸಲನ್ನು ಮುಟ್ಟುವುದಿಲ್ಲ. ಗಾಜಿನ ತೊಟ್ಟಿಯಲ್ಲಿ ಪರಿಸ್ಥಿತಿ ಬೇರೆ. ಮೀನನ್ನು ತಂದ ದಿನ ಮಾಲೀಕನ ಕಣ್ಣಿಗೆ ಬೀಳುವ ಪಾಚಿಯು ತಿಂಗಳುಗಟ್ಟಲೆ ಶೇಖರವಾದ ದಾಸ್ತಾನು. ಅದನ್ನು ನೋಡಿ ಮೇವು ಯಥೇಚ್ಛವಾಗಿದೆ ಎಂದು ಭಾವಿಸುವುದು, ಗೋದಾಮಿನ ಹಳೆಯ ಸರಕನ್ನು ನೋಡಿ ಪ್ರತಿದಿನದ ಉತ್ಪಾದನೆಯೂ ಅಷ್ಟೇ ಇದೆಯೆಂದು ತಿಳಿದಂತೆ. ಮೀನು ಕೆಲವು ವಾರಗಳಲ್ಲಿ ದಾಸ್ತಾನನ್ನು ಮುಗಿಸುತ್ತದೆ. ಆ ನಂತರ ಅದಕ್ಕೆ ಉಳಿಯುವುದು ಪ್ರತಿದಿನ ಹೊಸದಾಗಿ ಚಿಗುರುವ ತೆಳು ಪದರ ಮಾತ್ರ. ಚಿಕ್ಕ ತೊಟ್ಟಿಯಲ್ಲಿ ಅದು ಒಂದು ವಯಸ್ಕ ಮೀನಿಗೆ ಸಾಲುವುದಿಲ್ಲ.

ವಿಪರ್ಯಾಸವೆಂದರೆ ಮಾಲೀಕನು ಅತ್ಯಂತ ಸಂತುಷ್ಟನಾಗಿರುವ ಸಮಯದಲ್ಲಿಯೇ ಮೀನಿನ ಕಷ್ಟ ಆರಂಭವಾಗಿರುತ್ತದೆ. ಗಾಜು ನಿಚ್ಚಳವಾಗಿದೆ, ಕಲ್ಲು ಬೆಳ್ಳಗಾಗಿದೆ, ಬಂದ ಅತಿಥಿಗಳು ಹೊಗಳುತ್ತಿದ್ದಾರೆ. ಮೀನು ಈಗಲೂ ಕಲ್ಲಿನಿಂದ ಕಲ್ಲಿಗೆ ಹಾರುತ್ತ ಕೆರೆಯುತ್ತಲೇ ಇರುವುದರಿಂದ ತಿನ್ನುತ್ತಿದೆ ಎಂಬ ಭ್ರಮೆಯುಂಟಾಗುತ್ತದೆ. ಕೆರೆಯುವುದಕ್ಕೂ ಹೊಟ್ಟೆ ತುಂಬುವುದಕ್ಕೂ ವ್ಯತ್ಯಾಸವಿದೆ. ಆರೋಗ್ಯವಂತ ಬ್ಲೆನ್ನಿಯ ಹೊಟ್ಟೆ ದುಂಡಗೆ ಉಬ್ಬಿರುತ್ತದೆ. ಅದು ಚಪ್ಪಟೆಯಾದರೆ ಎಚ್ಚರಿಕೆ ವಹಿಸಬೇಕು. ಒಳಕ್ಕೆ ಕುಸಿದು, ಹೊಟ್ಟೆ ಬೆನ್ನಿಗೆ ಹತ್ತಿದಂತೆ ಕಂಡರೆ ಹಲವು ವಾರಗಳ ಉಪವಾಸ ಕಳೆದಿದೆ ಎಂದರ್ಥ. ಆ ಹಂತದಿಂದ ಮೀನು ಚೇತರಿಸಿಕೊಳ್ಳುವುದು ಕಷ್ಟ. ಹಸಿದ ಬ್ಲೆನ್ನಿಯು ಕೆಲವೊಮ್ಮೆ ಹವಳಗಳ ಮತ್ತು ದೊಡ್ಡ ಚಿಪ್ಪುಜೀವಿಗಳ ಮೃದು ಭಾಗಗಳನ್ನು ಕಚ್ಚತೊಡಗುತ್ತದೆ. ಅದನ್ನು ಮೀನಿನ ದುರ್ಗುಣವೆಂದು ದೂರುವವರು ಅದರ ಹೊಟ್ಟೆಯನ್ನು ಒಮ್ಮೆ ನೋಡುವುದು ಒಳಿತು.

ಪಾಚಿ ಎಲ್ಲಿಂದ ಬರುತ್ತದೆ

ಪಾಚಿಯ ಬೆಳವಣಿಗೆಗೆ ಬೆಳಕಿನ ಜೊತೆಗೆ ನೈಟ್ರೇಟ್ ಮತ್ತು ಫಾಸ್ಫೇಟ್ ಬೇಕು. ಇವು ತೊಟ್ಟಿಗೆ ಸೇರುವ ದಾರಿಗಳು ಮುಖ್ಯವಾಗಿ ಎರಡು: ಹಾಕುವ ಆಹಾರ ಮತ್ತು ತುಂಬುವ ನೀರು. ಬೆಂಗಳೂರಿನ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕೊಳವೆಬಾವಿಗಳ ನೀರು ಅನೇಕ ಕಡೆ ಗಡಸಾಗಿದ್ದು ನೈಟ್ರೇಟ್ ಅಂಶವನ್ನೂ ಹೊಂದಿರುತ್ತದೆ. ಆದ್ದರಿಂದ ಆರ್.ಓ. ಯಂತ್ರದಿಂದ ಶೋಧಿಸಿ, ಸಾಧ್ಯವಾದರೆ ಅಯಾನು ತೆಗೆಯುವ ರಾಳದ ಮೂಲಕವೂ ಹಾಯಿಸಿದ ನೀರನ್ನು ಬಳಸುವುದು ಅವಶ್ಯಕ. ಟಿ.ಡಿ.ಎಸ್. ಮಾಪಕದಲ್ಲಿ ಅಂತಹ ನೀರು ಸೊನ್ನೆಯ ಸಮೀಪ ತೋರಿಸಬೇಕು. ಕುಡಿಯಲು ಯೋಗ್ಯವಾದ ನೀರೆಲ್ಲ ಕಡಲ ತೊಟ್ಟಿಗೂ ಯೋಗ್ಯ ಎಂಬ ನಂಬಿಕೆ ಬಹಳ ದುಬಾರಿಯಾದುದು.

ಇಲ್ಲಿಯೇ ಬ್ಲೆನ್ನಿಯ ಬಗೆಗಿನ ಇನ್ನೊಂದು ತಪ್ಪು ಎಣಿಕೆಯೂ ಅಡಗಿದೆ. ಮೀನು ಪಾಚಿಯನ್ನು ತಿಂದರೆ ತೊಟ್ಟಿಯಿಂದ ಪಾಚಿ ಹೊರಹೋದಂತೆ ಎಂದು ಗ್ರಾಹಕರು ತಿಳಿಯುತ್ತಾರೆ. ವಾಸ್ತವದಲ್ಲಿ ಹೊರಹೋದುದು ಏನೂ ಇಲ್ಲ. ಪಾಚಿಯಲ್ಲಿದ್ದ ಸಾರಜನಕ ಮತ್ತು ರಂಜಕದ ಅಲ್ಪ ಭಾಗ ಮೀನಿನ ಮೈಗೂಡುತ್ತದೆ. ಉಳಿದುದು ಮಲ ಮತ್ತು ಅಮೋನಿಯದ ರೂಪದಲ್ಲಿ ಅದೇ ನೀರಿಗೆ ಮರಳುತ್ತದೆ. ಇದು ಒಂದು ಖಾತೆಯಿಂದ ಮತ್ತೊಂದು ಖಾತೆಗೆ ಮಾಡಿದ ವರ್ಗಾವಣೆ. ಸಂಸ್ಥೆಯ ಸಾಲ ತೀರಿದ್ದಲ್ಲ. ನಿಜವಾದ ತೀರುವಳಿ ಆಗುವುದು ನೀರು ಬದಲಾಯಿಸಿದಾಗ, ಪ್ರೋಟೀನ್ ಸ್ಕಿಮ್ಮರ್ ನೊರೆಯೊಡನೆ ಕೊಳೆಯನ್ನು ಎತ್ತಿದಾಗ ಅಥವಾ ಪಾಚಿಯನ್ನೇ ಕೈಯಿಂದ ಕಿತ್ತು ಹೊರಗೆಸೆದಾಗ ಮಾತ್ರ. ಈ ವ್ಯವಸ್ಥೆಗಳಿಲ್ಲದ ತೊಟ್ಟಿಗೆ ಬ್ಲೆನ್ನಿಯನ್ನು ತಂದರೆ ಪಾಚಿಯೂ ಹೋಗುವುದಿಲ್ಲ, ಮೀನೂ ಉಳಿಯುವುದಿಲ್ಲ. ಪಾಚಿಯನ್ನು ನಿವಾರಿಸುವ ಕೆಲಸ ಮಾಲೀಕನದು. ಮೀನು ಅದರಲ್ಲಿ ಕೈಜೋಡಿಸುತ್ತದೆ, ಅಷ್ಟೆ.

ತೊಟ್ಟಿಯ ಸಿದ್ಧತೆ

ಒಂದು ಬ್ಲೆನ್ನಿಗೆ ಕನಿಷ್ಠ 110ರಿಂದ 120 ಲೀಟರಿನ ತೊಟ್ಟಿ ಬೇಕೆಂಬುದು ಸಾಮಾನ್ಯ ಸಲಹೆ. 200 ಲೀಟರಿನ ತೊಟ್ಟಿಯಾದರೆ ಉತ್ತಮ. ಅದರಲ್ಲಿ ಮೇಯುವ ಮೇಲ್ಮೈ ಹೆಚ್ಚು. ಹಳೆಯದಾದಷ್ಟೂ ಒಳ್ಳೆಯದು. ಹೊಸ ತೊಟ್ಟಿಯಲ್ಲಿ ಅಮೋನಿಯವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಪರಿವರ್ತಿಸುವ ಬ್ಯಾಕ್ಟೀರಿಯಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆ ಅವಧಿಯಲ್ಲಿ ಯಾವ ಮೀನನ್ನೂ ಬಿಡಬಾರದು. ಪಾಚಿ ಮೇಯುವ ಮೀನನ್ನು ಇನ್ನೂ ಕೆಲವು ತಿಂಗಳು ತಡೆದು ತರುವುದೇ ಸರಿ.

ಉಪ್ಪಿನ ಲೆಕ್ಕ ಸರಳ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿರುತ್ತವೆ. 200 ಲೀಟರಿಗೆ 7 ಕಿಲೋ ಆಯಿತು. ಹದಿನೈದು ದಿನಕ್ಕೊಮ್ಮೆ ಶೇಕಡಾ 10ರಷ್ಟು ನೀರು ಬದಲಾಯಿಸಿದರೆ ಪ್ರತಿ ಸಲವೂ 700 ಗ್ರಾಂ, ವರ್ಷಕ್ಕೆ 26 ಸಲವೆಂದರೆ 18 ಕಿಲೋಗೂ ತುಸು ಹೆಚ್ಚು. ಇದು ಅಡುಗೆಯ ಉಪ್ಪಲ್ಲ, ಕಡಲ ತೊಟ್ಟಿಗೆಂದೇ ತಯಾರಿಸಿದ ಲವಣ ಮಿಶ್ರಣ. ಬೆಲೆಯೂ ಅದಕ್ಕೆ ತಕ್ಕಂತೆ. ತೊಟ್ಟಿಯಿಂದ ಆವಿಯಾಗುವುದು ನೀರು ಮಾತ್ರವಾದ್ದರಿಂದ ಆ ನಷ್ಟವನ್ನು ಶುದ್ಧ ಸಿಹಿನೀರಿನಿಂದ ತುಂಬಬೇಕೇ ಹೊರತು ಉಪ್ಪುನೀರಿನಿಂದಲ್ಲ. ಕಚೇರಿಯ ಸಿಬ್ಬಂದಿ ಮಾಡುವ ಪ್ರಮಾದಗಳಲ್ಲಿ ಇದು ಮೊದಲನೆಯದು. ಸಾಂದ್ರತೆ 1.025ರ ಆಸುಪಾಸಿನಲ್ಲಿ, ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್, ಪಿ.ಎಚ್. 8.1ರಿಂದ 8.4, ಅಮೋನಿಯ ಮತ್ತು ನೈಟ್ರೈಟ್ ಸೊನ್ನೆ ಇರಬೇಕು. ಬೆಂಗಳೂರು, ಮೈಸೂರುಗಳಲ್ಲಿ ವರ್ಷದ ಬಹುಭಾಗ ಫ್ಯಾನಿನಿಂದಲೇ ಉಷ್ಣತೆಯನ್ನು ಹತೋಟಿಯಲ್ಲಿಡಬಹುದಾದರೂ ಮಂಗಳೂರು, ಬಳ್ಳಾರಿ, ಕಲಬುರಗಿಗಳಲ್ಲಿ ಚಿಲ್ಲರ್ ಯಂತ್ರವಿಲ್ಲದೆ ಕಡಲ ತೊಟ್ಟಿಯ ಯೋಚನೆಯನ್ನೇ ಮಾಡಬಾರದು. ವಿದ್ಯುತ್ ಹೋದಾಗ ನೀರಿನಲ್ಲಿ ಆಮ್ಲಜನಕ ಬೇಗ ಕುಸಿಯುವುದರಿಂದ ಬ್ಯಾಟರಿಯಿಂದ ನಡೆಯುವ ಗಾಳಿಪಂಪು ಒಂದಿರಲಿ.

ತೊಟ್ಟಿಗೆ ಮುಚ್ಚಳ ಕಡ್ಡಾಯ. ಬ್ಲೆನ್ನಿಗಳು ಹಾರುತ್ತವೆ, ಬೆಳಿಗ್ಗೆ ಕಚೇರಿಯ ಬಾಗಿಲು ತೆರೆದಾಗ ನೆಲದ ಮೇಲೆ ಒಣಗಿದ ಮೀನು ಸಿಗುವುದುಂಟು. ಸಣ್ಣ ಕಣ್ಣಿನ ಬಲೆಯ ಮುಚ್ಚಳವಾದರೆ ಗಾಳಿಯೂ ಆಡುತ್ತದೆ. ಒಂದು ತೊಟ್ಟಿಗೆ ಒಂದೇ ಬ್ಲೆನ್ನಿ. ತನ್ನಂತೆಯೇ ಕಾಣುವ, ತನ್ನ ಮೇವಿಗೇ ಬಾಯಿ ಹಾಕುವ ಇನ್ನೊಂದು ಮೀನನ್ನು ಅದು ಸಹಿಸುವುದಿಲ್ಲ. ಬೇರೆ ಬಗೆಯ ಶಾಂತ ಮೀನುಗಳೊಡನೆ ಹೊಂದಿಕೊಂಡು ಹೋಗುತ್ತದೆ. ಒಳಹೊಕ್ಕು ಕುಳಿತುಕೊಳ್ಳಲು ಬಿಲಗಳಿರುವಂತೆ ಕಲ್ಲುಗಳನ್ನು ಜೋಡಿಸಬೇಕು. ಕಲ್ಲಿನ ವಿಷಯದಲ್ಲಿ ಒಂದು ಕಾನೂನಿನ ಎಚ್ಚರಿಕೆಯೂ ಅಗತ್ಯ. 2001ರಿಂದ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿವೆ. ನಮ್ಮ ಕಡಲಿನಿಂದ ಕಿತ್ತು ತಂದ ಹವಳವನ್ನಾಗಲಿ ಹವಳ ಅಂಟಿದ ಕಲ್ಲನ್ನಾಗಲಿ ಕೊಳ್ಳುವುದು, ಮಾರುವುದು, ಇರಿಸಿಕೊಳ್ಳುವುದು ಶಿಕ್ಷಾರ್ಹ ಅಪರಾಧ. ಕೃತಕವಾಗಿ ತಯಾರಿಸಿದ ರಂಧ್ರಯುಕ್ತ ಕಲ್ಲುಗಳು ದೊರೆಯುತ್ತವೆ. ಪಾಚಿಗೂ ಬ್ಯಾಕ್ಟೀರಿಯಗಳಿಗೂ ಅವು ಸಾಕು.

ಅಂಗಡಿಯಲ್ಲಿ ನೋಡಬೇಕಾದುದು

ಪೇಟೆಗೆ ಬರುವ ಬ್ಲೆನ್ನಿಗಳಲ್ಲಿ ಬಹುತೇಕ ಎಲ್ಲವೂ ಕಡಲಿನಲ್ಲಿ ಹಿಡಿದವು. ಹಿಡಿದವನಿಂದ ರಫ್ತುದಾರನಿಗೆ, ಅಲ್ಲಿಂದ ವಿಮಾನದಲ್ಲಿ ಆಮದುದಾರನಿಗೆ, ಸಗಟು ವ್ಯಾಪಾರಿಗೆ, ಕೊನೆಗೆ ಚಿಲ್ಲರೆ ಅಂಗಡಿಗೆ ಬರುವಷ್ಟರಲ್ಲಿ ಮೀನು ಅನೇಕ ದಿನಗಳನ್ನು ಪಾಚಿಯಿಲ್ಲದ ಬರಿಯ ತೊಟ್ಟಿಗಳಲ್ಲಿ ಕಳೆದಿರುತ್ತದೆ. ಚೀಲದ ನೀರು ಕೆಡದಿರಲೆಂದು ಪ್ರಯಾಣಕ್ಕೆ ಮೊದಲು ಒಂದೆರಡು ದಿನ ಮೇವು ನಿಲ್ಲಿಸುವುದೂ ರೂಢಿ. ಬೇರೆ ಮೀನುಗಳು ಅಂಗಡಿಯಲ್ಲಿ ಹಾಕುವ ಸೀಗಡಿ ಚೂರು ತಿಂದು ಸುಧಾರಿಸಿಕೊಳ್ಳುತ್ತವೆ. ಬ್ಲೆನ್ನಿ ಮಾತ್ರ ಕೆರೆಯಲು ಏನೂ ಇಲ್ಲದ ನುಣುಪಾದ ಗಾಜಿನ ಮೇಲೆ ಬಾಯಾಡಿಸುತ್ತ ಇಳಿಯುತ್ತ ಹೋಗುತ್ತದೆ.

ಆದ್ದರಿಂದ ಕೊಳ್ಳುವವರು ಮೊದಲು ನೋಡಬೇಕಾದುದು ಬಣ್ಣವನ್ನಲ್ಲ, ಹೊಟ್ಟೆಯನ್ನು. ಹೊಟ್ಟೆ ಕುಸಿದ ಮೀನನ್ನು ಕರುಣೆಯಿಂದಲೂ ರಿಯಾಯಿತಿಯ ಆಸೆಯಿಂದಲೂ ಕೊಳ್ಳಬಾರದು. ಕಣ್ಣುಗಳು ಚುರುಕಾಗಿ ತಿರುಗುತ್ತಿವೆಯೇ, ಗಾಜಿನ ಬಳಿ ಕೈ ತಂದಾಗ ಬಿಲ ಸೇರುತ್ತದೆಯೇ ಎಂದು ಪರೀಕ್ಷಿಸಬೇಕು. ಎದುರಿಗೇ ಏನನ್ನಾದರೂ ತಿನ್ನಿಸಿ ತೋರಿಸುವಂತೆ ಅಂಗಡಿಯವರನ್ನು ಕೇಳುವುದರಲ್ಲಿ ಸಂಕೋಚವೇನೂ ಬೇಕಿಲ್ಲ. ಹಾಕಿದ ಆಹಾರವನ್ನು ಅಂಗಡಿಯಲ್ಲಿಯೇ ತಿನ್ನಲು ಕಲಿತ ಬ್ಲೆನ್ನಿಗೆ ನೂರಿನ್ನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಮನೆಗೆ ತಂದ ಮೀನನ್ನು ನಾಲ್ಕು ವಾರ ಪ್ರತ್ಯೇಕ ತೊಟ್ಟಿಯಲ್ಲಿಡುವುದು ಬಿಳಿಚುಕ್ಕೆ ಮುಂತಾದ ರೋಗಗಳಿಂದ ಉಳಿದ ಮೀನುಗಳನ್ನು ಕಾಪಾಡುವ ಕ್ರಮ. ಬ್ಲೆನ್ನಿಯ ವಿಷಯದಲ್ಲಿ ಈ ಒಳ್ಳೆಯ ಕ್ರಮವೇ ಮುಳುವಾಗದಂತೆ ನೋಡಿಕೊಳ್ಳಬೇಕು. ಪ್ರತ್ಯೇಕ ತೊಟ್ಟಿಯು ಸಾಮಾನ್ಯವಾಗಿ ಬರಿದಾಗಿರುತ್ತದೆ. ಮುಖ್ಯ ತೊಟ್ಟಿಯಿಂದ ಪಾಚಿ ಹಿಡಿದ ಒಂದೆರಡು ಕಲ್ಲುಗಳನ್ನು ತಂದಿಟ್ಟು, ವಾರಕ್ಕೊಮ್ಮೆ ಹೊಸದನ್ನು ತರಬೇಕು. ಒಮ್ಮೆ ಪ್ರತ್ಯೇಕ ತೊಟ್ಟಿಗೆ ಬಂದ ಕಲ್ಲನ್ನು ಅವಧಿ ಮುಗಿಯುವವರೆಗೆ ಹಿಂದಕ್ಕೆ ಒಯ್ಯಬಾರದು. ತಾಮ್ರಯುಕ್ತ ಔಷಧಿಯನ್ನು ಹಾಕುವುದಾದರೆ ಕಲ್ಲು ಇರಕೂಡದು, ಏಕೆಂದರೆ ಕಲ್ಲು ತಾಮ್ರವನ್ನು ಹೀರಿಕೊಳ್ಳುತ್ತದೆ. ಹುರುಪೆಯಿಲ್ಲದ ಮೀನಿಗೆ ತಾಮ್ರದ ಪ್ರಮಾಣ ಹೆಚ್ಚಾಗದಂತೆ ಪ್ರತಿದಿನ ಅಳೆಯುವುದೂ ಅವಶ್ಯಕ.

ಮೇವಿನ ಖರ್ಚು

ಇಷ್ಟೆಲ್ಲ ಹೇಳಿದ ಮೇಲೆ ಮೇವಿನ ಖರ್ಚು ಎಷ್ಟು ಅಲ್ಪವೆಂದು ತಿಳಿದರೆ ಓದುಗರಿಗೆ ಆಶ್ಚರ್ಯವಾಗಬಹುದು. ಜಪಾನಿ ಅಡುಗೆಯಲ್ಲಿ ಬಳಸುವ, ಒಣಗಿಸಿದ ಕಡಲ ಸಸ್ಯದ ನೋರಿ ಹಾಳೆಗಳು ಇಂದು ನಗರಗಳ ದೊಡ್ಡ ದಿನಸಿ ಮಳಿಗೆಗಳಲ್ಲಿ ದೊರೆಯುತ್ತವೆ. ಎಣ್ಣೆ, ಉಪ್ಪು, ಮಸಾಲೆ ಯಾವುದೂ ಸೇರಿರದ ಹಾಳೆಯೇ ಬೇಕು. ಒಂದು ಹಾಳೆಯ ಅಳತೆ ಸುಮಾರು 21 ಸೆಂಟಿಮೀಟರಿಗೆ 19 ಸೆಂಟಿಮೀಟರು. 5 ಸೆಂಟಿಮೀಟರಿನ ಚೌಕಗಳಾಗಿ ಕತ್ತರಿಸಿದರೆ 12 ತುಂಡುಗಳು ಸಿಗುತ್ತವೆ. ದಿನಕ್ಕೊಂದು ತುಂಡಿನಂತೆ ಹತ್ತು ಹಾಳೆಗಳ ಕಟ್ಟು ನಾಲ್ಕು ತಿಂಗಳಿಗೆ ಸಾಕು. ಸಾವಿರಾರು ರೂಪಾಯಿಯ ಉಪ್ಪು, ವಿದ್ಯುತ್ತು, ಉಪಕರಣಗಳಿಗೆ ಹಿಂದೆಮುಂದೆ ನೋಡದ ಮಾಲೀಕನ ತೊಟ್ಟಿಯಲ್ಲಿ ಮೀನು ಸಾಯುವುದು ಈ ಒಂದು ಕಟ್ಟಿನ ಕೊರತೆಯಿಂದ.

ಹಾಳೆಯನ್ನು ನೀರಿನಲ್ಲಿ ತೇಲಿಬಿಟ್ಟರೆ ಬ್ಲೆನ್ನಿಗೆ ಪ್ರಯೋಜನವಿಲ್ಲ. ಅದು ನೀರಿನ ನಡುವೆ ಬೆನ್ನಟ್ಟಿ ತಿನ್ನುವ ಮೀನಲ್ಲ. ಚಿಕ್ಕ ಕಲ್ಲಿಗೆ ರಬ್ಬರ್ ಬ್ಯಾಂಡಿನಿಂದ ಹಾಳೆಯನ್ನು ಸುತ್ತಿ, ಮೀನು ಕುಳಿತುಕೊಳ್ಳುವ ಜಾಗದ ಪಕ್ಕದಲ್ಲಿಡಬೇಕು. ಮೊದಲ ಕೆಲವು ದಿನ ಅದು ತಿರುಗಿಯೂ ನೋಡದಿರಬಹುದು. ತಿನ್ನದೆ ಉಳಿದುದನ್ನು ಸಂಜೆ ತೆಗೆದು, ಮರುದಿನ ಮತ್ತೆ ಹೊಸದನ್ನಿಡಬೇಕು. ತೊಟ್ಟಿಯಲ್ಲಿ ಪಾಚಿ ಇನ್ನೂ ಇರುವಾಗಲೇ ಈ ಅಭ್ಯಾಸವನ್ನು ಮಾಡಿಸುವುದು ಮುಖ್ಯ. ಹೊಟ್ಟೆ ಕುಸಿದ ಮೇಲೆ ಹೊಸ ಆಹಾರವನ್ನು ಕಲಿಸಲು ಸಮಯವಿರುವುದಿಲ್ಲ. ನೋರಿಯ ಜೊತೆಗೆ ಸ್ಪೈರುಲಿನಾ ಸೇರಿಸಿದ ಮುಳುಗುವ ಬಿಲ್ಲೆಗಳನ್ನೂ ಕೊಡಬಹುದು. ಸ್ಪೈರುಲಿನಾ ನಮ್ಮವರಿಗೆ ಹೊಸದೇನಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಅದರ ಬೆಳೆಗಾರಿಕೆ ಮತ್ತು ಬಳಕೆಯ ಬಗ್ಗೆ ದೀರ್ಘಕಾಲ ಕೆಲಸ ಮಾಡಿದೆ.

ಗಾಜನ್ನು ಉಜ್ಜುವವರಿಗೂ ಒಂದು ಮಾತು. ನೋಟಕ್ಕೆ ಬೇಕಾದುದು ಮುಂದಿನ ಗಾಜು. ಹಿಂದಿನ ಗಾಜನ್ನೂ ಒಂದು ಪಕ್ಕದ ಗಾಜನ್ನೂ ಉಜ್ಜದೆ ಬಿಟ್ಟರೆ ಅದೇ ಮೀನಿನ ಗೋಮಾಳವಾಗುತ್ತದೆ.

ವರ್ತಕರ ಪಾಲು

ಕಡಲ ಅಲಂಕಾರಿಕ ಮೀನಿನ ವ್ಯಾಪಾರವು ವಿಶ್ವಾಸದ ಮೇಲೆ ನಿಂತಿದೆ. ಮೀನಿನ ಬೆಲೆಯಲ್ಲಿ ಅಂಗಡಿಗೆ ಬರುವ ಲಾಭ ಅಷ್ಟಕ್ಕಷ್ಟೇ. ಲಾಭವಿರುವುದು ಉಪ್ಪು, ದೀಪ, ಸ್ಕಿಮ್ಮರ್, ಆಹಾರ ಹಾಗೂ ವಾರ್ಷಿಕ ನಿರ್ವಹಣೆಯ ಕರಾರುಗಳಲ್ಲಿ. ಎರಡು ಮೂರು ಮೀನು ಸತ್ತ ಮೇಲೆ ತೊಟ್ಟಿಯನ್ನೇ ಮಾರಿಬಿಡುವ ಗ್ರಾಹಕನೊಡನೆ ಈ ಆದಾಯವೆಲ್ಲ ಹೊರಟುಹೋಗುತ್ತದೆ. ಆದರೂ ತೊಟ್ಟಿಗೆ ಎಷ್ಟು ತಿಂಗಳಾಯಿತು, ಎಷ್ಟು ಲೀಟರಿನದು, ಯಾವ ಬಗೆಯ ಪಾಚಿ ಎಂಬ ಮೂರು ಪ್ರಶ್ನೆಗಳನ್ನು ಕೇಳದೆಯೇ 'ಇದನ್ನು ಬಿಡಿ, ಎಲ್ಲ ಸರಿಹೋಗುತ್ತದೆ' ಎಂದು ಬ್ಲೆನ್ನಿಯನ್ನು ಚೀಲಕ್ಕೆ ಹಾಕಿಕೊಡುವ ಅಂಗಡಿಗಳೇ ಹೆಚ್ಚು. ಮೀನಿನ ಜೊತೆಯಲ್ಲಿ ಒಂದು ಕಟ್ಟು ನೋರಿಯನ್ನೂ ಮಾರುವ ಅಂಗಡಿಯವನು ಸರಕನ್ನೂ ಮಾರಿದ, ಮೀನನ್ನೂ ಉಳಿಸಿದ.

ನಿರ್ವಹಣೆಯ ಕರಾರುಗಳಲ್ಲಿಯೂ ತಿದ್ದುಪಡಿ ಬೇಕು. ತಿಂಗಳಿಗೆ ಎರಡು ಸಲ ಬಂದು ನಾಲ್ಕೂ ಗಾಜುಗಳನ್ನು ಬ್ಲೇಡಿನಿಂದ ಹೆರೆದು ಹೊಳೆಯಿಸಬೇಕೆಂದು ಕಚೇರಿಗಳು ಷರತ್ತು ಹಾಕುತ್ತವೆ. ಅದೇ ತೊಟ್ಟಿಯಲ್ಲಿ ಪಾಚಿ ಮೇಯುವ ಮೀನೂ ಇರಬೇಕು. ಈ ಎರಡು ಷರತ್ತುಗಳು ಒಂದಕ್ಕೊಂದು ವಿರುದ್ಧ. ಕರಾರಿನಲ್ಲಿ ಮೇವಿನ ಜವಾಬ್ದಾರಿ ಯಾರದೆಂದು ಸ್ಪಷ್ಟವಾಗಿ ಬರೆಯದಿದ್ದರೆ ನಿರ್ವಾಹಕನು ಕಚೇರಿಯವರು ಹಾಕುತ್ತಾರೆಂದೂ ಕಚೇರಿಯವರು ನಿರ್ವಾಹಕನು ಹಾಕುತ್ತಾನೆಂದೂ ತಿಳಿದು ಸುಮ್ಮನಿರುತ್ತಾರೆ. ಹಬ್ಬದ ರಜೆಗಳು ಸಾಲಾಗಿ ಬಂದಾಗ ಯಾರೂ ಹಾಕುವುದಿಲ್ಲ.

ಲೆಕ್ಕಪತ್ರದ ದೃಷ್ಟಿಯಿಂದ ಎರಡು ವಿಷಯಗಳನ್ನು ಇಲ್ಲಿಯೇ ಹೇಳಿಬಿಡಬಹುದು. ಜೀವಂತ ಮೀನಿಗೆ ಜಿ.ಎಸ್.ಟಿ.ಯಿಂದ ವಿನಾಯಿತಿಯಿದೆ, ಗಾಜಿನ ತೊಟ್ಟಿ, ಪಂಪು, ದೀಪಗಳಿಗೆ ತೆರಿಗೆಯಿದೆ. ಎರಡನ್ನೂ ಮಾರುವ ಅಂಗಡಿಯು ಬಾಡಿಗೆ ಮೊದಲಾದ ಸಾಮಾನ್ಯ ಖರ್ಚುಗಳ ಮೇಲಿನ ಹೂಡುವಳಿ ತೆರಿಗೆಯ ಜಮೆಯನ್ನು ಪೂರ್ತಿಯಾಗಿ ಪಡೆಯಲಾಗದು. ವಿನಾಯಿತಿ ವಹಿವಾಟಿನ ಪ್ರಮಾಣಕ್ಕೆ ಅನುಗುಣವಾಗಿ ನಿಯಮ 42ರಂತೆ ಹಿಂತಿರುಗಿಸಬೇಕು. ಎರಡನೆಯದು ಸತ್ತ ಮೀನಿನ ವಿಷಯ. ಅಂಗಡಿಯವನಿಗೆ ಮೀನು ವ್ಯಾಪಾರದ ದಾಸ್ತಾನು; ಸತ್ತದ್ದು ಅಂತಿಮ ದಾಸ್ತಾನಿನಲ್ಲಿ ಬರುವುದಿಲ್ಲ, ಅಷ್ಟೆ. ದಾಸ್ತಾನಾಗಿ ಅಲ್ಲದೆ ವ್ಯವಹಾರಕ್ಕಾಗಿಯೇ ಬಳಸಿದ ಪ್ರಾಣಿ ಸತ್ತರೆ ಅದರ ಅಸಲು ಬೆಲೆಯಲ್ಲಿ ಕಳೇಬರದಿಂದ ಬಂದ ಹಣವನ್ನು ಕಳೆದು ಉಳಿದುದನ್ನು ಖರ್ಚೆಂದು ತೋರಿಸಲು 1961ರ ಆದಾಯ ತೆರಿಗೆ ಕಾಯಿದೆಯ 36(1)ನೆಯ ಕಲಮಿನ ಆರನೆಯ ಖಂಡ ಅವಕಾಶ ಕಲ್ಪಿಸಿತ್ತು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬೇರೆಯಾಗಿದೆ. ಶಾಸನ ರಚಿಸಿದವರ ಮನಸ್ಸಿನಲ್ಲಿ ಗಾಡಿಯ ಕುದುರೆ, ಎತ್ತುಗಳಿದ್ದಿರಬೇಕು. ಸ್ವಾಗತ ಕೊಠಡಿಯ ಬ್ಲೆನ್ನಿಯ ಹೆಸರಿನಲ್ಲಿ ಈ ಖರ್ಚನ್ನು ಕೇಳುವವರು ತೆರಿಗೆ ಅಧಿಕಾರಿಗೆ ಸಾವಿನ ಕಾರಣವನ್ನೂ ವಿವರಿಸಬೇಕಾಗಬಹುದು.

ಆಮದು ಮಾಡಿಕೊಳ್ಳುವವರಿಗೆ ಕೇಂದ್ರ ಸರ್ಕಾರದ ಸ್ಯಾನಿಟರಿ ಆಮದು ಪರವಾನಗಿ ಹಾಗೂ ಪ್ರತ್ಯೇಕವಾಸದ ನಿಯಮಗಳು ಕಡ್ಡಾಯ. ಚಿಲ್ಲರೆ ಅಂಗಡಿಯವರು ಸಗಟು ವ್ಯಾಪಾರಿಯಿಂದ ಬಿಲ್ಲನ್ನು ಕೇಳಿ ಪಡೆದಿರಬೇಕು. 2017ರ ಮೇ ತಿಂಗಳಲ್ಲಿ ಕೇಂದ್ರ ಪರಿಸರ ಸಚಿವಾಲಯವು ಅಕ್ವೇರಿಯಂ ಅಂಗಡಿಗಳಿಗೆ ಕಟ್ಟುನಿಟ್ಟಾದ ನಿಯಮಗಳನ್ನು ಹೊರಡಿಸಿ, 158 ಪ್ರಭೇದಗಳ ಪ್ರದರ್ಶನ ಮತ್ತು ಮಾರಾಟವನ್ನು ನಿರ್ಬಂಧಿಸಿತ್ತು. ವರ್ತಕರಿಂದ ವಿರೋಧ ಬಂದು, ಆ ನಿಯಮಗಳನ್ನು ಅನಂತರ ಹಿಂತೆಗೆದುಕೊಳ್ಳಲಾಯಿತು. ನಿಯಮಗಳು ಹೋದುವು, ಅವುಗಳಿಗೆ ಕಾರಣವಾದ ದೂರು, ಅಂದರೆ ಸಾಕಲು ತಿಳಿಯದವರಿಗೆ ಮೀನು ಮಾರಲಾಗುತ್ತಿದೆ ಎಂಬ ಆಕ್ಷೇಪ, ಹೋಗಿಲ್ಲ.

ಪಾಚಿ ಮುಗಿದು, ನೋರಿಯನ್ನೂ ಬಿಲ್ಲೆಯನ್ನೂ ಮುಟ್ಟದೆ ಮೀನು ಇಳಿಯುತ್ತಿದ್ದರೆ ಇನ್ನೊಂದು ದಾರಿ ಉಳಿದಿದೆ. ಹೊಟ್ಟೆ ಪೂರ್ತಿ ಕುಸಿಯುವ ಮೊದಲೇ ಅದನ್ನು ಪಾಚಿ ಹೆಚ್ಚಿರುವ ಬೇರೊಂದು ದೊಡ್ಡ ತೊಟ್ಟಿಗೆ ವರ್ಗಾಯಿಸಬೇಕು. ಕೆಲವು ಅಂಗಡಿಗಳು ಇಂತಹ ಮೀನನ್ನು ಅರ್ಧ ಬೆಲೆಗೆ ಹಿಂದಕ್ಕೆ ಪಡೆಯುತ್ತವೆ. ಕೊಳ್ಳುವ ದಿನವೇ ಆ ಮಾತನ್ನು ಬಿಲ್ಲಿನ ಹಿಂಭಾಗದಲ್ಲಿ ಬರೆಸಿಕೊಳ್ಳುವುದು ಕ್ಷೇಮ.